ಕಸ

ಹೆರಿಗೆ ಕೋಣೆಯಿಂದ ಉಕ್ಕಿನ ಬೋಗುಣಿ ಹಿಡಿದು ಹೊರಬಂದ ಡಾಕ್ಟರಮ್ಮನನ್ನು ಕಂಡ ಕೂಡಲೇ ಹೊನ್ನಜ್ಜಿ ಸೆರಗನ್ನು ಮೂಗಿಗೆ ಸುತ್ತಿಕೊಂಡಳು.

"ಥೂ! ಕಸಾನ ಕೈಯಾಗ ಹಿಡ್ಕಂಡು ಅಡ್ಡಾಡ್ತೀರಲ್ಲ, ಹೇಸಿಗೆ ಆಗಲ್ಲೇನ್ರಿ? ಇತ್ಲಾಗ ಕೊಡ್ರಿ, ಹುಗಿದು ಬರ್ತೀವಿ."

ಮಗುವಿನ ಹಿಂದೆಯೇ ಬೀಳುವ ಮಾಸನ್ನು ಆ ಕಡೆಯವರೆಲ್ಲ ಕಸವೆಂದೇ ಕರೆಯುತ್ತಿದ್ದರು. ಸಂಶೋಧನೆಗೆಂದು ಅದನ್ನೇ ಕೇಳಿ ಪಡೆಯುತ್ತಿದ್ದ ಡಾಕ್ಟರಮ್ಮನಿಗೆ ಹೇಸಿಗೆ ಎಂಬುದು ಎಂದೋ ಬಿಟ್ಟುಹೋಗಿತ್ತು.

"ಬಿ.ಪಿ. ಏರಿ, ಫಿಟ್ಸ್ ಬಂದು ನಿಮ್ಮ ಸೊಸೆ ಸತ್ತೇ ಹೋಗ್ತಿದ್ದಳಲ್ಲ ಅಜ್ಜಿ, ಯಾಕೆ ಅಂತ ಇದನ್ನ ನೋಡಿದ್ರೆ ಗೊತ್ತಾಗಬಹುದು. ಮುಂದಿನ ಸಲ ಬಸುರಾದಾಗ ಅವಳ ಜೀವ ಉಳೀಬಹುದು. ಇಷ್ಟು ದಿನ ಹೊಟ್ಟೇಲಿ ಮಗುವನ್ನ ಸಾಕಿದ್ದೇ ಇದು. ಕಸ ಅನ್ನಬೇಡಿ. ಒಯ್ಯಲಾ?"

ಅಜ್ಜಿ ಉತ್ತರಿಸುವ ಮೊದಲೇ ನರ್ಸ್ ಬಂದು, ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಅವಳ ಕೈಗಿತ್ತಳು.

"ಹೆಣ್ಣು ಅಜ್ಜಿ. ತೂಕ ಕಮ್ಮಿ ಐತಿ, ಬೆಚ್ಚಗಿಡಬೇಕು."

ಹೊನ್ನಜ್ಜಿ ಬಟ್ಟೆ ಸರಿಸಿ ನೋಡಿದಳು. ಮೂಗಿನ ಮೇಲಿನ ಸೆರಗನ್ನು ಮಾತ್ರ ಸರಿಸಲಿಲ್ಲ.

"ಒಯ್ರಿ ತಾಯಿ," ಎಂದು ಮಗುವನ್ನು ಬೋಗುಣಿಯ ಕಡೆಗೆ ಚಾಚಿದಳು. "ಆ ಕಸದ ಜೊತಿಗೆ ಈ ಕಸಾನೂ ಒಯ್ರಿ."