ಹೊಳೆಯುವ ಬದಿ

“ಮೇಡಂ, ಇದೇನ್ ಮಾಡಿಟ್ಟಿದೀರಾ?” ಎಂದು ಕಂಪ್ಯೂಟರ್ ರಿಪೇರಿಯವನು ಡಿಸ್ಕನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಅದರ ಹೊಳೆಯುವ ಬದಿಯ ತುಂಬ ಗ್ರಂಥಾಲಯದ ದಿನಾಂಕದ ಚೀಟಿ. ಮೂಲೆಗಳು ಹೊರಗೆ ಚಾಚಬಾರದೆಂದು ಚೀಟಿಯನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ, ಒಂದು ಸುಕ್ಕೂ ಇಲ್ಲದಂತೆ ಅಂಟಿಸಲಾಗಿತ್ತು.

ಗ್ರಂಥಪಾಲಕಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. “ಆ ಕಡೆ ನೀನೇ ಪೆನ್ನಲ್ಲಿ ಒಂದು, ಎರಡು ಅಂತ ಬರೆದಿದ್ದೆಯಲ್ಲಪ್ಪಾ. ಬರೆದ ಪುಟದ ಮೇಲೆ ಯಾರಾದ್ರೂ ಚೀಟಿ ಅಂಟಿಸ್ತಾರಾ? ಈ ಕಡೆ ಖಾಲಿ ಇತ್ತು.”

“ಖಾಲಿ ಅಲ್ಲ ಮೇಡಂ! ಇರೋದೆಲ್ಲ ಈ ಕಡೆನೇ ಇರೋದು!”

ಐದು ವರ್ಷದ ಹಿಂದೆ ಕಂಪ್ಯೂಟರ್ ಬಂದಾಗ ಅದರ ಜೊತೆ ಡಿಸ್ಕ್ ಬಂದಿರಲಿಲ್ಲ. ಆಪರೇಟಿಂಗ್ ಸಿಸ್ಟಮ್ಮಿನ ಮೂಲಪ್ರತಿ ಯಂತ್ರದ ಹೊಟ್ಟೆಯಲ್ಲೇ ಇದೆ, ಮೊದಲ ದಿನವೇ ನಾಲ್ಕು ಡಿಸ್ಕಿಗೆ ಇಳಿಸಿಟ್ಟುಕೊಳ್ಳಿ ಎಂದು ಪರದೆ ಕೇಳಿತ್ತು. ಹೆಚ್ಚಿನವರು ‘ಆಮೇಲೆ’ ಎಂಬುದನ್ನು ಒತ್ತಿ ಮರೆತರು. ಗ್ರಂಥಪಾಲಕಿ ಮರೆಯುವವರಲ್ಲ, ಇವನನ್ನೇ ಕರೆಸಿ ಇಳಿಸಿಕೊಂಡರು. ಗ್ರಂಥಾಲಯದ ಬಾಗಿಲು ದಾಟಿ ಒಳಗೆ ಬಂದ ಯಾವುದೂ ನಂಬರು, ಮೊಹರು, ಚೀಟಿ ಇಲ್ಲದೆ ಕಪಾಟು ಸೇರಿದ್ದಿಲ್ಲ. ಡಿಸ್ಕುಗಳಿಗೇನು ಕೋಡು ಮೂಡಿದೆಯೇ? ಅವಕ್ಕೂ ಅದೇ ಸತ್ಕಾರವಾಯಿತು.

ಈಗ ಯಂತ್ರ ಬೆಳಿಗ್ಗೆಯಿಂದ ಕಪ್ಪು ಮುಖ ಮಾಡಿ ಕೂತಿತ್ತು. ಒಂದು ಗುಂಡಿ ಒತ್ತಿದರೆ ಹೊಟ್ಟೆಯೊಳಗಿನ ಪ್ರತಿಯಿಂದ ಎದ್ದು ಕೂರುತ್ತಿತ್ತು ನಿಜ. ಆದರೆ ಕೊಂಡ ದಿನ ಇದ್ದ ಹಾಗೆ, ಒಂದೂ ನೆನಪಿಲ್ಲದೆ. ಹದಿನಾಲ್ಕು ಸಾವಿರ ಪುಸ್ತಕಗಳ ಪಟ್ಟಿ ಇದ್ದದ್ದು ಅದರಲ್ಲೇ. ಪಟ್ಟಿಯ ತಂತ್ರಾಂಶ ಮಾಡಿದ ಕಂಪನಿ ಬಾಗಿಲು ಹಾಕಿತ್ತು, ಪಟ್ಟಿಯನ್ನು ಹೊರಗೆ ತೆಗೆದರೂ ಬೇರೆಲ್ಲೂ ತೆರೆಯುವಂತಿರಲಿಲ್ಲ. ಉಳಿದದ್ದನ್ನು ಮುಟ್ಟದೆ ಕೆಟ್ಟದ್ದನ್ನಷ್ಟೇ ಸರಿಮಾಡುವ ದಾರಿ ಡಿಸ್ಕುಗಳಲ್ಲಿ ಮಾತ್ರ. ಪಟ್ಟಿಯ ಹಳೆಯ ಕಾರ್ಡುಗಳು ಹೋದ ತಿಂಗಳು ರದ್ದಿಗೆ ಹೋಗಿದ್ದವು. ಪಟ್ಟಿಯ ಇನ್ನೊಂದು ಪ್ರತಿ ಇದ್ದದ್ದು ಗ್ರಂಥಪಾಲಕಿಯ ತಲೆಯಲ್ಲಿ. ಆ ತಲೆ ಮೂವತ್ತನೇ ತಾರೀಕು ನಿವೃತ್ತಿಯಾಗುವುದಿತ್ತು.

“ಗಾಬರಿಯಾಗಬೇಡ. ಮೈದಾ ಅಂಟು ಅದು,” ಎಂದು ಅವರು ಒದ್ದೆ ಬಟ್ಟೆ ಹಾಸಿ ಹತ್ತು ನಿಮಿಷ ಕಾದರು. ಹಳೆಯ ಪುಸ್ತಕಗಳಿಂದ ಚೀಟಿ ಬಿಡಿಸಿ ಪಳಗಿದ ಬೆರಳುಗಳು; ಕಾಗದ ಹಾಲಿನ ಕೆನೆಯಂತೆ ಎದ್ದು ಬಂತು. ಒಂದು, ಎರಡು, ನಾಲ್ಕು.

“ಮೂರು?”

ಅವರು ರಿಜಿಸ್ಟರು ತೆರೆದರು. “ಹೊರಗೆ ಹೋಗಿದೆ.”

ರಿಪೇರಿಯವನಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ, ಡಿಸ್ಕನ್ನೂ ಓದೋಕೆ ಕೊಟ್ರಾ? ಯಾವ ಮಹಾನುಭಾವ ತಗೊಂಡು ಹೋದ?”

ಅವರು ರಿಜಿಸ್ಟರನ್ನು ಅವನ ಕಡೆ ತಿರುಗಿಸಿದರು. ಅಲ್ಲಿದ್ದದ್ದು ಅವನದೇ ಸಹಿ.

“ಹದಿನೈದು ದಿನ ಅಂದಿದ್ದೆ. ನಾಲ್ಕು ವರ್ಷ ಆಯ್ತು. ಮಕ್ಕಳ ವಿಭಾಗದಲ್ಲಿ ಪುಸ್ತಕ ತಗೊಳ್ತಿದ್ದಾಗಲೂ ನೀನು ಹೀಗೇ.”

ಅವನಿಗೆ ನೆನಪಾಯಿತು. ಶಾಲೆಯ ಕಂಪ್ಯೂಟರೂ ಇದೇ ಮಾದರಿಯದು. ಅಲ್ಲಿಯ ಮೂರನೇ ಡಿಸ್ಕ್ ಸೀಳಿಹೋಗಿತ್ತೆಂದು ಇಲ್ಲಿಯದನ್ನು ಒಯ್ದಿದ್ದ. ಅಷ್ಟರಲ್ಲಿ ಶಾಲೆ ಹೊಸ ಯಂತ್ರ ಕೊಂಡಿತು. ಡಿಸ್ಕನ್ನು ಅವನು ಕವರಿನಿಂದ ತೆಗೆದಿರಲೇ ಇಲ್ಲ. ತೆಗೆದಿದ್ದರೆ ಚೀಟಿಯ ಸಂಗತಿ ಅಂದೇ ಗೊತ್ತಾಗುತ್ತಿತ್ತು. ಅವನು ಮನೆಗೆ ಫೋನ್ ಮಾಡಿದ.

“ಅಮ್ಮಾ, ನನ್ನ ಮೇಜಿನ ಖಾನೇಲಿ ಒಂದು ಡಿಸ್ಕ್ ಇತ್ತಲ್ಲ?”

“ಒಂದಾ? ಮನೆ ತುಂಬಾ ಅದೇ ಇತ್ತಲ್ಲೋ! ಪಾರಿವಾಳ ಹೆದರಲಿ ಅಂತ ಎಲ್ಲಕ್ಕೂ ದಾರ ಕಟ್ಟಿ ಬಾಲ್ಕನೀಲಿ ನೇತು ಹಾಕಿದೀನಿ, ಯಾವ ಕಾಲ ಆಯ್ತು.” ಅಮ್ಮನ ದನಿ ಗ್ರಂಥಪಾಲಕಿಗೂ ಕೇಳುವಷ್ಟಿತ್ತು. “ಅದರಲ್ಲಿ ಒಂದು ಮಾತ್ರ ದಂಡಪಿಂಡ. ಯಾವ ಕಡೆ ತಿರುಗಿದ್ರೂ ಹೊಳೆಯಲ್ಲ. ಪಾರಿವಾಳ ಸೀದಾ ಅದರ ಪಕ್ಕಾನೇ ಬಂದು ಕೂರತ್ತೆ.”

“ಅದೇ ಅಮ್ಮಾ, ಅದೇ! ಮುಟ್ಟಬೇಡ, ಬಂದೆ.”

“ಬರ್ತಾ ಈರುಳ್ಳಿ ತಗೊಂಡು ಬಾ.”

ಅರ್ಧ ಗಂಟೆಯಲ್ಲಿ ಅವನು ವಾಪಸು ಬಂದ. ಕೈಯಲ್ಲಿ ದಾರದ ಸಮೇತ ಮೂರನೇ ಡಿಸ್ಕ್. ಚೀಟಿ ಬಿಸಿಲಿಗೆ ಹಳದಿಯಾಗಿತ್ತು, ಅಲ್ಲಲ್ಲಿ ಹರಿದಿತ್ತು, ಪಾರಿವಾಳಗಳು ತಮ್ಮ ಮೊಹರನ್ನೂ ಒತ್ತಿದ್ದವು. “ಪಕ್ಕದಲ್ಲಿದ್ದವೆಲ್ಲ ಗಾಳಿಗೆ ಒಂದಕ್ಕೊಂದು ಬಡಿದು ಗೀರುಗೀರಾಗಿವೆ ಮೇಡಂ. ಇದೂ ಹೋಗಿರತ್ತೆ ಬಿಡಿ,” ಎಂದು ಕುರ್ಚಿಯ ತುದಿಯಲ್ಲಿ ಕೂತ. ಈಗ ಅವನ ಮುಖದಲ್ಲಿ ನಗುವಿರಲಿಲ್ಲ.

ಗ್ರಂಥಪಾಲಕಿ ಒದ್ದೆ ಬಟ್ಟೆ ಹಾಸಿದರು. ಈ ಸಲವೂ ಹತ್ತು ನಿಮಿಷ ಕಾದರು. ಚೀಟಿ ಎದ್ದಿತು. ಅದರ ಕೆಳಗೆ, ನಿನ್ನೆ ತಾನೇ ಡಬ್ಬಿಯಿಂದ ತೆಗೆದಂತೆ, ಒಂದು ಗೀರೂ ಇಲ್ಲದ ಕನ್ನಡಿ. ಅದರಲ್ಲಿ ಇಬ್ಬರ ಮುಖವೂ ಕಂಡಿತು.

ಒಂದು, ಎರಡರ ಹಿಂದೆಯೇ ಮೂರನೇ ಡಿಸ್ಕನ್ನೂ ಯಂತ್ರ ತಕರಾರಿಲ್ಲದೆ ಓದಿತು, ನಾಲ್ಕನೆಯದನ್ನೂ. ಸಂಜೆಯ ಹೊತ್ತಿಗೆ ಹದಿನಾಲ್ಕು ಸಾವಿರ ಪುಸ್ತಕಗಳು ಸಾಲಾಗಿ ಪರದೆಯ ಮೇಲೆ ಬಂದು ನಿಂತವು. ಗ್ರಂಥಪಾಲಕಿ ನಾಲ್ಕೈದನ್ನು ತಮ್ಮ ತಲೆಯೊಳಗಿನ ಪ್ರತಿಯೊಂದಿಗೆ ಹೋಲಿಸಿ, ತಲೆಯಾಡಿಸಿ, ರಿಜಿಸ್ಟರಿನಲ್ಲಿ ಅವನ ಸಹಿಯ ಮುಂದೆ ‘ವಾಪಸು’ ಎಂದು ಮೊಹರು ಒತ್ತಿದರು. ಆಮೇಲೆ ಹೊಸ ಚೀಟಿ, ಕತ್ತರಿ, ಅಂಟಿನ ಬಟ್ಟಲು ಮುಂದಿಟ್ಟುಕೊಂಡರು.

“ಹೇಳಪ್ಪಾ, ಈಗ ಯಾವ ಕಡೆ ಅಂಟಿಸಲಿ?”

ರಿಪೇರಿಯವನು ಡಿಸ್ಕನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿ ನೋಡಿದ.

“ಹೊಳೆಯೋ ಕಡೆಗೇ ಅಂಟಿಸಿಬಿಡಿ ಮೇಡಂ.”