ಮಂಡಿಯ ಪಕ್ಕದ ಹಿಡಿ

ಇಳಿಯಲು ಇನ್ನೆರಡು ನಿಮಿಷವಿದೆ ಎನ್ನುವಾಗ ಎಂಜಿನ್ ನಿಂತುಹೋಯಿತು. ನೆಲ ಆರುನೂರು ಅಡಿ ಕೆಳಗಿತ್ತು. ಪುಟ್ಟ ವಿಮಾನದಲ್ಲಿ ಹಲ್ಲಿನ ಡಾಕ್ಟರು ಒಬ್ಬರೇ ಇದ್ದರು. ಇಪ್ಪತ್ತೆರಡು ವರ್ಷ ಹಾರಿದ ಅವರ ಕೈ ತಾನಾಗಿಯೇ ಎಡ ಮಂಡಿಯ ಪಕ್ಕಕ್ಕೆ ಹೋಯಿತು. ಎಡ ಬಲದ ಎರಡು ಟ್ಯಾಂಕುಗಳಲ್ಲಿ ಯಾವುದರಿಂದ ಪೆಟ್ರೋಲು ಬರಬೇಕೋ ಆ ಕಡೆಗೆ ತಿರುಗಿಸುವ ಹಿಡಿ ಅಲ್ಲಿತ್ತು. ಅದು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ಯಾವ ಟ್ಯಾಂಕಿನ ಪೆಟ್ರೋಲೂ ಬಾರದಂತೆ ನಟ್ಟನಡುವೆ ನಿಂತಿತ್ತು. ಬಲಕ್ಕೆ ಒತ್ತಿ ತಿರುಗಿಸಿದರು. ನಾಲ್ಕು ಕ್ಷಣ ಏನೂ ಆಗಲಿಲ್ಲ. ಆಮೇಲೆ ಎಂಜಿನ್ ಎರಡು ಸಲ ಕೆಮ್ಮಿ ಮತ್ತೆ ಗುರುಗುಟ್ಟಿತು.

ವಿಮಾನವನ್ನು ಎಂದಿನಂತೆ ಮೆತ್ತಗೆ ಇಳಿಸಿದರು. ಇಳಿಯುವಾಗ ಸದ್ದು ಹೇಗೂ ತಗ್ಗುತ್ತದೆ. ಕೆಳಗಿದ್ದವರಿಗೆ ಏನೂ ಗೊತ್ತಾಗಿರಲಿಲ್ಲ. ಹವ್ಯಾಸಿ ವಿಮಾನ ಸಂಘದವರು ಬೇಸಿಗೆಯ ಪ್ರತಿ ಭಾನುವಾರ ಸರದಿಯ ಮೇಲೆ, ಬಿಟ್ಟಿಯಾಗಿ, ಕಾಡಿನ ಮೇಲೆ ಹಾರಿ ಎಲ್ಲಾದರೂ ಹೊಗೆ ಎದ್ದಿದ್ದರೆ ಅಗ್ನಿಶಾಮಕದವರಿಗೆ ತಿಳಿಸುತ್ತಿದ್ದರು. ಅವತ್ತಿನ ಸರದಿ ಡಾಕ್ಟರದು. ಹನ್ನೊಂದು ಗಂಟೆಗೆ ಅದೇ ವಿಮಾನದಲ್ಲಿ ಅವರ ಮಗಳು ಮೊದಲ ಸಲ ಒಬ್ಬಳೇ ಹಾರುವವಳಿದ್ದಳು.

"ಎಲ್ಲಾ ಸರಿ ಇತ್ತಾ ಅಪ್ಪಾ?" ಎನ್ನುತ್ತ ಓಡಿಬಂದಳು.

"ಎಲ್ಲೂ ಹೊಗೆ ಇಲ್ಲ," ಎಂದರು. ಅದೇನೂ ಸುಳ್ಳಲ್ಲ. ಎಂಜಿನ್ನಿನ ಮಾತು ಮಾತ್ರ ಎತ್ತಲಿಲ್ಲ.

ಹತ್ತು ಗಂಟೆಗೆ ಸಂಘದ ಕೋಣೆಯಲ್ಲಿ ತಿಂಗಳ ಸುರಕ್ಷತಾ ಸಭೆ. ನಡೆಸುವವಳು ವಿಮಾನಗಳ ಮೆಕ್ಯಾನಿಕ್. ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವಳು ಅಕ್ಕ. "ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದು ಅವಳು ಪ್ರತಿ ತಿಂಗಳೂ ಕೇಳುತ್ತಿದ್ದಳು. ಪ್ರತಿ ತಿಂಗಳೂ ಹನ್ನೊಂದು ಜನ ಚಾವಣಿ ನೋಡುತ್ತಿದ್ದರು.

ಡಾಕ್ಟರಿಗೆ ಕುರ್ಚಿ ಮುಳ್ಳಾಯಿತು. ಇಳಿಯುವ ಮುಂಚೆ ಟ್ಯಾಂಕು ಬದಲಿಸಿದಾಗ ಹಿಡಿಯನ್ನು ಪೂರ್ತಿ ತಿರುಗಿಸಲು ಮರೆತಿರಬೇಕು. ಮಗಳಿಗೆ ತಾವೇ ಹೇಳಿಕೊಟ್ಟ ಮೊದಲ ಪಾಠ ಅದು. ನಮ್ಮಪ್ಪ ಏನನ್ನೂ ಮರೆಯೋದಿಲ್ಲ ಎಂದು ಅವಳು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದವಳು. ಈಗ ಬಾಯಿಬಿಟ್ಟರೆ ಅವಳೆದುರಿಗೇ ತಲೆ ತಗ್ಗಿಸಬೇಕು. ಬಿಡದಿದ್ದರೆ, ಇನ್ನೊಂದು ಗಂಟೆಯಲ್ಲಿ ಆ ಸೀಟಿನಲ್ಲಿ ಕೂರುವವಳು ಅವಳೇ. ಎದ್ದು ನಿಂತರು.

"ನಾನೊಂದು ತಪ್ಪು ಮಾಡಿದೆ. ಬೆಳಿಗ್ಗೆ ಆರುನೂರು ಅಡೀಲಿ ಎಂಜಿನ್ ನಿಂತುಹೋಯ್ತು. ಪೆಟ್ರೋಲಿನ ಹಿಡಿ ಅರ್ಧಕ್ಕೇ ಬಿಟ್ಟಿದ್ದೆ. ಇನ್ನಷ್ಟು ಕೆಳಗಿದ್ದಿದ್ರೆ ಈಗ ನಿಮ್ಮ ಮುಂದೆ ನಿಂತು ಮಾತಾಡ್ತಿರಲಿಲ್ಲ."

ಮಗಳ ಕಡೆ ನೋಡಲು ಡಾಕ್ಟರಿಗೆ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಅಂಚೆಯಣ್ಣ ಗಂಟಲು ಸರಿಮಾಡಿಕೊಂಡ.

"ಡಾಕ್ಟ್ರೇ, ಹೋದ ತಿಂಗಳು ನನಗೂ ಹೀಗೇ ಆಯ್ತು. ಎತ್ತರದಲ್ಲಿದ್ದೆ, ಬಚಾವಾದೆ. ನಿದ್ದೆಗೆಟ್ಟಿದ್ದಕ್ಕೆ ಮರೆತೆ ಅಂದ್ಕೊಂಡು ಸುಮ್ಮನಾದೆ."

"ನಂದೂ ಅದೇ ಕಥೆ," ಎಂದರು ಸಂಗೀತದ ಮೇಷ್ಟ್ರು, ನೆಲ ನೋಡುತ್ತ. "ಮನೇಲಿ ಹೆಂಡ್ತಿಗೂ ಹೇಳಿಲ್ಲ. ಹೇಳಿದ್ರೆ ಅವಳು ನನ್ನ ಹಾರಾಟಕ್ಕೆ ಅವತ್ತೇ ಮಂಗಳ ಹಾಡಿಬಿಡ್ತಿದ್ದಳು."

ಅಕ್ಕ ಪೆನ್ನು ಕೆಳಗಿಟ್ಟಳು. "ಮೂರು ಜನಾನೂ ಅದೇ ವಿಮಾನದಲ್ಲಾ?"

"ಅದರಲ್ಲೇ," ಎಂದರು ಮೂವರೂ.

ಅವಳು ಟಾರ್ಚು ಎತ್ತಿಕೊಂಡು ಹೊರಟೇಬಿಟ್ಟಳು. ಎಲ್ಲರೂ ಅವಳ ಬೆನ್ನಿಗೆ. ಪೈಲಟ್ ಸೀಟಿನಲ್ಲಿ ಕೂತು ಹಿಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿದಳು. ಆಮೇಲೆ, ಇಳಿಯುವಾಗ ಮಾಡುವಂತೆ, ಕಾಲಿನ ಪೆಡಲನ್ನು ಒತ್ತಿದಳು. ಮಂಡಿ ಹಿಡಿಯನ್ನು ಸುಮ್ಮನೆ ಸವರಿತು, ಅಷ್ಟೇ. ಹಿಡಿ ಬೆಣ್ಣೆಯಲ್ಲಿ ಜಾರಿದಂತೆ ನಡುವಿಗೆ ಬಂದು ನಿಂತಿತು.

"ಹಿಡೀನ ಕಚ್ಚಿ ಹಿಡ್ಕೊಳ್ಳೋ ಹಲ್ಲು ಸವೆದು ನುಣ್ಣಗಾಗಿದೆ," ಎಂದಳು. "ನೀವ್ಯಾರೂ ಮರೀಲಿಲ್ಲ ಕಣ್ರಪ್ಪ. ಮೊದಲನೇ ಸಲಾನೇ ಯಾರಾದ್ರೂ ಬಾಯಿಬಿಟ್ಟಿದ್ರೆ ಅವತ್ತೇ ಬಿಚ್ಚಿ ನೋಡ್ತಿದ್ದೆ."

"ಹಲ್ಲು ಸವೆದಿದ್ದು ನಮ್ಮ ಡಾಕ್ಟ್ರಿಗೂ ಗೊತ್ತಾಗಲಿಲ್ವಲ್ಲ," ಎಂದ ಅಂಚೆಯಣ್ಣ. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಡಾಕ್ಟರು.

ಅವತ್ತು ಆ ವಿಮಾನ ಮತ್ತೆ ಹಾರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಮಗಳು ಕೇಳಿದಳು.

"ನಿಂದೇ ತಪ್ಪು ಅಂದ್ಕೊಂಡೇ ಎದ್ದು ನಿಂತ್ಯಾ ಅಪ್ಪಾ?"

"ಹೂಂ."

ಅವಳು ಅವರ ತೋಳು ಹಿಡಿದುಕೊಂಡಳು. ಮನೆ ಬರುವವರೆಗೂ ಬಿಡಲಿಲ್ಲ.

ಹೊಸ ಭಾಗ ತರಿಸಿ, ಹಿಡಿಗೆ ಮಂಡಿ ತಾಗದಂತೆ ತಗಡಿನ ಮರೆ ಕಟ್ಟಿ, ಅಕ್ಕ ತಾನೇ ಎರಡು ಸಲ ಪರೀಕ್ಷಿಸಿ ಒಪ್ಪಿಗೆ ಕೊಡುವ ಹೊತ್ತಿಗೆ ಮೂರು ವಾರವಾಯಿತು. ನಾಲ್ಕನೆಯ ಭಾನುವಾರ ಮಗಳು ಒಬ್ಬಳೇ ಸೀಟಿನಲ್ಲಿ ಕೂತಳು. ಹಾರುವ ಮುಂಚೆ ನೋಡಬೇಕಾದ ಇಪ್ಪತ್ತಾರು ಅಂಶಗಳ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು. ರೆಕ್ಕೆಯಿಂದಾಚೆ ನಿಂತಿದ್ದ ಡಾಕ್ಟರಿಗೆ ಖುಷಿ ತಡೆಯಲಾಗಲಿಲ್ಲ, ಕೈಯೆತ್ತಿ ಬೀಸಿದರು. ಅವಳೂ ನಕ್ಕು ಕೈಬೀಸಿ, ಮತ್ತೆ ಹಾಳೆ ನೋಡಿದಳು. ಒಂದು ಕ್ಷಣ ತಡೆದು ಕಿಟಕಿ ತೆರೆದಳು.

"ಅಪ್ಪಾ, ಎಲ್ಲೀವರೆಗೆ ಓದಿದ್ದೆ ಅಂತಾನೇ ಮರೆತುಹೋಯ್ತು. ಮೊದಲಿಂದ ಓದ್ತೀನಿ. ನೀನು ಸ್ವಲ್ಪ ಆ ಬೇಲಿ ಹತ್ರ ಹೋಗಿ ನಿಂತ್ಕೋ."

"ಆಯ್ತು ತಾಯಿ," ಎಂದು ಡಾಕ್ಟರು ಹಿಂದೆ ಸರಿದರು.

ಹನ್ನೊಂದಕ್ಕೆ ಏಳಬೇಕಿದ್ದ ವಿಮಾನ ಹನ್ನೊಂದು ಹತ್ತಕ್ಕೆ ಎದ್ದಿತು. ಅದು ಮೇಲೇರಿ ಚುಕ್ಕಿಯಾಗುವವರೆಗೂ ಡಾಕ್ಟರು ಬೇಲಿಯ ಪಕ್ಕದಲ್ಲಿ, ಎರಡೂ ಕೈಗಳನ್ನು ಜೇಬಿನೊಳಗೆ ಬಿಗಿಯಾಗಿ ಇಳಿಸಿಕೊಂಡು ನಿಂತಿದ್ದರು.