ನೀಲಾಳ ನಗು

ರಂಗದ ಮೇಲೆ ಹೇಳಿದ ನೆನಪು ಹೇಳಿದವರನ್ನು ಬಿಟ್ಟು ಕೇಳಿದವರ ಪಾಲಾಗುತ್ತಿದ್ದ ಕಾಲವದು. ಧಾರವಾಡದ ಹೊಸ ನಾಟಕಗಳ ಸಂಜೆಯಲ್ಲಿ ತಾನೇ ಬರೆದ ಏಕಪಾತ್ರ ನಾಟಕವನ್ನು ಆಡಲು ಶಶಿಕಲಾ ಹೊಸಮನಿ ನಿಂತಳು. ಅಕ್ಕ ನೀಲಾ ಸತ್ತು ಎರಡು ವರ್ಷವಾದರೂ ಅವಳಿಗೆ ನಿದ್ದೆಯಿರಲಿಲ್ಲ. ಆ ಭಾರ ಇಳಿಸಲೆಂದೇ ಬರೆದಿದ್ದಳು. ಆಸ್ಪತ್ರೆ, ಕೊನೆಯ ಉಸಿರು, ಮಣ್ಣು ಕೊಟ್ಟದ್ದು, ಎಲ್ಲವನ್ನೂ ಅವಸರದಲ್ಲಿ ಹೇಳಿದಳು. ಅಕ್ಕನ ನಗುವಿನ ಮಾತು ಬಂದಾಗ ನಿಲ್ಲಿಸಿದಳು.

“ಹೇಳವ್ವಾ, ನಾವು ಹೊರತೀವಿ,” ಎಂದಳು ಮುಂದಿನ ಸಾಲಿನ ಅಜ್ಜಿ.

“ಇದೊಂದು ನನಗಿರ್ಲಿ ಬಿಡ್ರಿ,” ಎಂದು ಶಶಿಕಲಾ ಕೈಮುಗಿದಳು. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು.

ಹೊರಗೆ ಬಂದವಳು ಗೇಟಿನವರೆಗೆ ಹೋಗಿ ಬಂದಳು, ಮತ್ತೆ ಹೋದಳು. ಅಜ್ಜಿಯನ್ನು ಕಂಡು ಕೇಳಿದಳು: “ನಮ್ಮಕ್ಕ ನನ್ನ ಒಂದ ನಾಟಕಾನೂ ತಪ್ಪಸಂಗಿಲ್ರಿ. ಇವತ್ತ ಯಾಕ ಬಂದಿಲ್ಲೋ ಏನೋ?”

ಆ ಸಾವು ಈಗ ಅಜ್ಜಿಯ ನೆನಪಿನಲ್ಲಿತ್ತು. ಅಜ್ಜಿ ತಾನೂ ಅವಳ ಜೊತೆ ರಸ್ತೆ ನೋಡುತ್ತ ನಿಂತಳು.